ಎರಡರ ಡಬಲ್

ಕಾಗಿನೆಲೆಯಲ್ಲಿ ನಡುರಾತ್ರಿ ದಾಟಿ ಬಹಳ ಹೊತ್ತಾಗಿದೆ. ಕೌದಿಯನ್ನು ಕಿವಿತನಕ ಎಳೆದುಕೊಂಡು, ಎದೆಯ ಮೇಲೆ ಮೊಬೈಲ್ ನಿಲ್ಲಿಸಿಕೊಂಡು ಮಲಗಿದ್ದೀರಿ. ಪಡಸಾಲೆಯಲ್ಲಿ ಮೆಣಸಿನಕಾಯಿ ಚೀಲಗಳಿವೆ, ಬೆಳಗಾದರೆ ಗುರುವಾರದ ಬ್ಯಾಡಗಿ ಪೇಟೆಗೆ ಹೋಗಬೇಕಾದವು. ಆ ಘಾಟಿಗೆ ಮೂಗು ಯಾವಾಗಲೋ ಒಗ್ಗಿಹೋಗಿದೆ. ಕೆರೆಯ ಕಡೆ ನಾಯಿಯೊಂದು ಬೊಗಳಿ ಸುಮ್ಮನಾಯಿತು. ಮೊಬೈಲಿನಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್. ಅಲ್ಲಿನ್ನೂ 2024ರ ಜನವರಿ 3ರ ರಾತ್ರಿ. ಡಾರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್.

ಸರಿ, ಎದ್ದೇಳಿ. ಅಲ್ಲಿ ಬೋರ್ಡಿನೆದುರು ಬಾಣ ಹಿಡಿದು ನಿಂತ ಹುಡುಗನ ಮೈಯೊಳಗೆ ಹೊಕ್ಕು ನಿಲ್ಲಿ.

ಮೊದಲು ತಾಗುವುದು ಕಾವು. ತಲೆಯ ಮೇಲಿನ ದೀಪಗಳ ಬಿಸಿಗೆ ಅಂಗಿ ಬೆನ್ನಿಗೆ ಅಂಟಿದೆ. ಆಮೇಲೆ ವಾಸನೆ, ಉದ್ದನೆಯ ಮೇಜುಗಳ ಮೇಲೆ ಚೆಲ್ಲಿದ ಬಿಯರಿನ ಹುಳಿ ವಾಸನೆ. ವೇಷ ಹಾಕಿಕೊಂಡು ಬಂದ ಮೂರು ಸಾವಿರಕ್ಕೂ ಹೆಚ್ಚು ಜನ ಬೆನ್ನ ಹಿಂದೆ ಹಾಡುತ್ತಿದ್ದಾರೆ. ಜಾತ್ರೆಯಲ್ಲಿ ತೇರು ಎಳೆಯುವಾಗಿನಂಥ ಗದ್ದಲ. ನಿಮ್ಮ ಹೆಸರು ಲ್ಯೂಕ್ ಲಿಟ್ಲರ್. ಹದಿನೇಳು ತುಂಬಲು ಇನ್ನು 18 ದಿನ ಬಾಕಿ. (ಗಡ್ಡ ನೋಡಿದವರು ಯಾರೂ ನಂಬುವುದಿಲ್ಲ, ಅದು ಬೇರೆ ಮಾತು.) ಒಂದೂವರೆ ವರ್ಷದ ಕೂಸಾಗಿದ್ದಾಗ ಅಪ್ಪ ಆಟಿಕೆಯ ಅಯಸ್ಕಾಂತದ ಬೋರ್ಡ್ ತಂದುಕೊಟ್ಟಿದ್ದ. ಅಲ್ಲಿಂದ ಎಸೆಯುತ್ತಲೇ ಬಂದ ಕೈ ಇದು.

ಏಳು ಸೆಟ್ ಗೆದ್ದವನಿಗೆ ಕಿರೀಟ. ನೀವು 4-2ರಿಂದ ಮುಂದಿದ್ದೀರಿ. ಈ ಏಳನೆಯ ಸೆಟ್ಟೂ ಕೈಗೆ ಬಂದರೆ 5-2.

501ರಿಂದ ಕಳೆಯುತ್ತ ಕಳೆಯುತ್ತ ಸರಿಯಾಗಿ ಸೊನ್ನೆಗೆ ಬರಬೇಕು, ಕೊನೆಯ ಏಟು ಅಂಚಿನ ಡಬಲ್ ಪಟ್ಟಿಗೋ ನಟ್ಟನಡುವಿನ ಬುಲ್ಲಿಗೋ ಬೀಳಬೇಕು. ಆಟ ಬಲ್ಲವರು 32 ಉಳಿಸಿಕೊಳ್ಳಲು ಹವಣಿಸುತ್ತಾರೆ. ಹದಿನಾರರ ಡಬಲ್ ತಪ್ಪಿ ಒಳಗೆ ಬಿದ್ದರೂ 16 ಉಳಿಯುತ್ತದೆ, ಅದೂ ತಪ್ಪಿದರೆ 8, ಆಮೇಲೆ 4. ಪ್ರತಿ ತಪ್ಪಿಗೂ ಒಂದು ಮೆಟ್ಟಿಲು. ನೀವೀಗ ತಳದ ಸಮೀಪದ ಮೆಟ್ಟಿಲಿಗೆ ಬಂದಿದ್ದೀರಿ. ಉಳಿದಿರುವುದು 4, ಬೇಕಾದ್ದು ಎರಡರ ಡಬಲ್.

ಅದು ಎಲ್ಲಿದೆ ನೋಡಿ. ಸಂಜೆಯಿಂದ ನಿಮ್ಮ ಕಣ್ಣು ನೆತ್ತಿಯ 20ರ ಮೇಲೇ ನೆಟ್ಟಿತ್ತು. ಈಗ ಕೆಳಗಿಳಿಯಬೇಕು, ಬಲಕ್ಕೆ, 15 ಮತ್ತು 17ರ ನಡುವೆ. 2.37 ಮೀಟರ್ ದೂರದಲ್ಲಿ 8 ಮಿಲಿಮೀಟರ್ ಅಗಲದ ಪಟ್ಟಿ, ಕಿರುಬೆರಳ ಉಗುರಿನಷ್ಟು. ಬೋರ್ಡಿನ ಮೈಯೆಲ್ಲ ಕತ್ತಾಳೆ ನಾರು. ನಮ್ಮ ಹೊಲದ ಬದುವಿನಲ್ಲಿ ಮುಳ್ಳು ಚಾಚಿಕೊಂಡು ನಿಲ್ಲುವ ಕತ್ತಾಳೆಯ ಜಾತಿಯದೇ. ಮೊನೆ ನಾಟಿದರೆ ಹಿಡಿದುಕೊಳ್ಳುತ್ತದೆ, ಕಿತ್ತರೆ ಗಾಯ ತಾನೇ ಮುಚ್ಚಿಕೊಳ್ಳುತ್ತದೆ.

ಪಂಚಮಿಗೆ ನಿಂಬೆಹಣ್ಣು ಒಗೆದು ಗೊತ್ತಲ್ಲ ನಿಮಗೆ? ಇಷ್ಟು ಒಗೆತಕ್ಕೆ ಆ ಊರ ಅಗಸಿ ಮುಟ್ಟಿಸುತ್ತೇನೆ ಎಂದು ಪಂಥ ಕಟ್ಟಿ, ರಟ್ಟೆ ತಿರುವಿ ಬೀಸುವುದು. ಆ ಕೈಯನ್ನು ಇಲ್ಲಿ ಮರೆಯಬೇಕು. ಭುಜ ಕದಲಕೂಡದು, ಮೊಣಕೈ ಬಾಗಿಲ ತಿರುಗಣೆಯಂತೆ ಮಡಚಿ ಬಿಚ್ಚಿಕೊಂಡರೆ ಸಾಕು. ಇಪ್ಪತ್ತು ಚಿಲ್ಲರೆ ಗ್ರಾಂ ತೂಕದ ಬಾಣಕ್ಕೆ ಬಲ ಬೇಕಿಲ್ಲ. ಇದರಲ್ಲಿ ಒಗೆಯುವುದು ಸುಲಭ, ಬಿಡುವುದು ಕಷ್ಟ.

ಬಿಡಲಾಗದೆ ಹೋದವರೂ ಇದ್ದಾರೆ. ಐದು ಬಾರಿ ವಿಶ್ವ ಚಾಂಪಿಯನ್ ಆದ ಎರಿಕ್ ಬ್ರಿಸ್ಟೊ ಒಂದು ದಿನ ಗೆರೆಯ ಮೇಲೆ ನಿಂತು ಕೈ ಎತ್ತಿದ, ಬೆರಳು ಬಿಚ್ಚಲಿಲ್ಲ. ಆ ಕಾಯಿಲೆಗೆ ಆಟಗಾರರು ಡಾರ್ಟೈಟಿಸ್ ಎನ್ನುತ್ತಾರೆ. ವೈದ್ಯರಿಗೆ ತೋರಿಸೋಣವೆಂದರೆ ಕೈಯಲ್ಲಿ ಕಣ್ಣಿಗೆ ಕಾಣುವ ಗಾಯವೇನೂ ಇರುವುದಿಲ್ಲ. ವೃತ್ತಿಪರರ ಟೂರ್ ಕಾರ್ಡ್ ಇರುವುದು 128 ಜನರಿಗೆ. ಎರಡು ವರ್ಷದಲ್ಲಿ ಗೆದ್ದ ಹಣವೇ ಅವರ ಸ್ಥಾನ ತೀರ್ಮಾನಿಸುತ್ತದೆ, ಸಂಬಳವೆಂಬುದಿಲ್ಲ. ಬೆರಳು ಒಪ್ಪದಿದ್ದರೆ ಒಲೆ ಉರಿಯುವುದಿಲ್ಲ.

ಹಿಂದೆ ಎದುರಾಳಿ ಲ್ಯೂಕ್ ಹಂಫ್ರೀಸ್ ಕಾಯುತ್ತಿದ್ದಾನೆ. ಮೊದಲು ಮನೆಗಳ ಮಾಡು ಹೊದಿಸುತ್ತಿದ್ದವನು. ವೇದಿಕೆಯ ಮೇಲೆ ತನ್ನನ್ನು ಮುತ್ತುತ್ತಿದ್ದ ದಿಗಿಲಿನ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡವನು. ಅವನ ಉಸಿರು ನಿಮಗೆ ಕೇಳಿಸುವುದಿಲ್ಲ, ಆದರೂ ಕೇಳಿಸಿದಂತಾಗುತ್ತದೆ.

ಕೈ ಮೇಲೇರುತ್ತದೆ. ಹಾಡು ನಿಂತಿದೆ. ಅಂಗೈ ತೇವ. ಹೆಬ್ಬೆರಳ ತುದಿಯಲ್ಲಿ ನಾಡಿ ಬಡಿಯುತ್ತಿದೆ. ಒಳಕ್ಕೆ ಬಿದ್ದರೆ ಒಂದರ ಡಬಲ್, ಅದಕ್ಕಿಂತ ಕೆಳಗೆ ಮೆಟ್ಟಿಲಿಲ್ಲ. ಹೊರಕ್ಕೆ ಹೋದರೆ ಸುಮ್ಮನೆ ವ್ಯರ್ಥ. ನಿಲ್ಲಬೇಕೆ? ಒಂದುಸಿರು ತೆಗೆದುಕೊಳ್ಳಬೇಕೆ? ಬೇಡ. ನಿಮ್ಮ ಲಯ ಬೇಗದ್ದು, ಮುರಿದರೆ ಕೆಟ್ಟಿತು. ಮೊಣಕೈ ಮಡಚಿತು. ಬಿಚ್ಚಿತು. ಬೆರಳು ಬಿಟ್ಟಿತು.

ಠಪ್.

ಸದ್ದು ಕಿವಿಗೆ ಬರುವ ಮೊದಲೇ ಹೊಟ್ಟೆಗೆ ಗೊತ್ತಾಗಿದೆ. ಸಭಾಂಗಣವೆಲ್ಲ ಒಂದೇ ಬಾಯಲ್ಲಿ ಓಹ್ ಎನ್ನುತ್ತದೆ.

ಆ ಸೆಟ್ ಹಂಫ್ರೀಸ್ ಪಾಲಾಗುತ್ತದೆ. ಅದರ ಹಿಂದೆ ಇನ್ನೂ ನಾಲ್ಕು, ಒಂದನ್ನೂ ಬಿಡದೆ, ಕೊನೆಗೆ 7-4. ಗೆದ್ದವನಿಗೆ 5 ಲಕ್ಷ ಪೌಂಡ್, ನಿಮಗೆ 2 ಲಕ್ಷ, ಅಂದರೆ ನಮ್ಮ ಎರಡು ಕೋಟಿ ರೂಪಾಯಿಯ ಮೇಲೆ. ಸರಿಯಾಗಿ ಒಂದು ವರ್ಷಕ್ಕೆ, 2025ರ ಜನವರಿ 3ರಂದು, ಇದೇ ಗೆರೆಯ ಮೇಲೆ ಮೈಕೆಲ್ ವ್ಯಾನ್ ಗರ್ವೆನ್‌ನನ್ನು 7-3ರಿಂದ ಸೋಲಿಸಿ ಎಲ್ಲರಿಗಿಂತ ಕಿರಿಯ ವಿಶ್ವ ಚಾಂಪಿಯನ್ ಆಗುತ್ತೀರಿ. ಅದಕ್ಕೆ ಇನ್ನೂ ಬಹಳ ದಿನವಿದೆ. ಈಗ ಬೋರ್ಡಿನತನಕ ನಡೆದು ಬಾಣ ಕಿತ್ತುಕೊಳ್ಳಬೇಕು, ತಿರುಗಿ ಬರಬೇಕು, ಅವನಿಗೆ ದಾರಿ ಬಿಡಬೇಕು. ನಾಲ್ಕೇ ಹೆಜ್ಜೆ. ಮುಖದ ಮೇಲೆ ಏನನ್ನೂ ತೋರಿಸದೆ.

ಒಳಮನೆಯಲ್ಲಿ ಮಗ್ಗುಲಾದ ಸದ್ದು. "ಮುಗೀಲಿಲ್ಲೇನೋ ತಮ್ಮಾ ಇನ್ನ? ಹೊತ್ತು ಮೂಡಿದ್ರ ಪ್ಯಾಟಿಗೆ ಹೋಗಬೇಕು."

"ಇಲ್ಲವ್ವಾ," ಎನ್ನುತ್ತೀರಿ. "ಈಗ 4-3 ಆಗೇತಿ."

ಕೌದಿಯ ಅಂಚನ್ನು ಮೂರು ಬೆರಳಲ್ಲಿ ಬಿಗಿಯಾಗಿ ಹಿಡಿದಿದ್ದೀರಿ.