ಎದುರುಗಾಳಿಯಲ್ಲಿ ಘೋಡಗೇರಿ

ಹುಕ್ಕೇರಿಯ ಗುಮ್ಮಟಗಳು ಹಿಂದೆ ಉಳಿದು ಬಹಳ ಹೊತ್ತಾಯಿತು. ಡಿಸೆಂಬರ್ ತಿಂಗಳು. ಸಂಕೇಶ್ವರ ಬಿಡುವಾಗ ಮರಗಟ್ಟಿದ್ದ ಬೆರಳುಗಳು ಈಗ ಬೆವೆತಿವೆ. ಮೂಡಗಾಳಿ ನೇರ ಎದೆಗೇ ಬಡಿಯುತ್ತಿದೆ, ಎಷ್ಟು ತುಳಿದರೂ ಸೈಕಲ್ ಮುಂದಕ್ಕೆ ಹೋಗಲೊಲ್ಲದು. ಹಾಗಾಗಿ ನೀವೆಲ್ಲ ಒಬ್ಬರ ಬೆನ್ನಿಗೊಬ್ಬರು ಅಂಟಿದಂತೆ ಸಾಲು ಕಟ್ಟಿದ್ದೀರಿ. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವರು ಅವನ ಮರೆಯಲ್ಲಿ ಉಸಿರು ಉಳಿಸಿಕೊಳ್ಳುತ್ತಾರೆ. ದಣಿದಾಗ ಅವನು ಬಲಕ್ಕೆ ಸರಿದು ಸಾಲಿನ ತುದಿಗೆ ಜಾರುತ್ತಾನೆ. ಈಗ ನಿಮ್ಮ ಪಾಳಿ.

ಅಷ್ಟರಲ್ಲಿ ಹಾಡಿನ ಅಬ್ಬರ ಬೆನ್ನಟ್ಟಿ ಬರುತ್ತದೆ. ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಎರಡರ ತುಂಬ ಮನೆಯೆತ್ತರ ಕಬ್ಬು. ಏರಿನಲ್ಲಿ ಅದೂ ನಿಮ್ಮಷ್ಟೇ ನಿಧಾನ. ಅದರ ಹಿಂದೆ ಗಾಳಿಯೇ ಇಲ್ಲ! ತಂಡದ ಕಿರಿಯ ಹುಡುಗ ಆಸೆಪಟ್ಟು ಟ್ರೇಲರಿನ ಹತ್ತಿರಕ್ಕೆ ಹೋಗುತ್ತಾನೆ. 'ಏ ತಮ್ಮಾ, ಹಿಂದ ಸರಿ!' ಎಂದು ನೀವು ಕೂಗುತ್ತೀರಿ. ಕಬ್ಬಿನ ಗಾಡಿಯ ಮರೆಯಷ್ಟು ಸುಖವಾದ, ಅಷ್ಟೇ ಕೆಟ್ಟ ಜಾಗ ಈ ರಸ್ತೆಯಲ್ಲಿ ಇನ್ನೊಂದಿಲ್ಲ. ಒಂದು ಗಳ ಜಾರಿ ಚಕ್ರಕ್ಕೆ ಸಿಕ್ಕರೆ ಮುಗಿಯಿತು. ಡಾಂಬರಿನ ಮೇಲೆ ಉದುರಿದ ರವದಿಯೇ ಸಾಕು, ಬ್ರೇಕ್ ಹಿಡಿದರೆ ಟಯರು ಜಾರುತ್ತದೆ.

ಘೋಡಗೇರಿ ಹತ್ತಿರ ಹಿಂದಿನ ಚಕ್ರ ಮೆತ್ತಗಾಗುತ್ತದೆ. ಚಹಾದಂಗಡಿ ಮುಂದೆ ಸೈಕಲ್ ತಲೆಕೆಳಗು ಮಾಡಿ ಟಯರಿನ ಒಳಮೈ ಮೇಲೆ ಮೆಲ್ಲಗೆ ಬೆರಳಾಡಿಸುತ್ತೀರಿ. ಒಂದು ಸುತ್ತು ಬಂದರೂ ಏನೂ ಇಲ್ಲ. ಎರಡನೆಯ ಸುತ್ತಿಗೆ ಚುರ್ ಎನ್ನುತ್ತದೆ: ಜಾಲಿಮುಳ್ಳಿನ ಕಪ್ಪು ತುದಿ, ಎಳ್ಳಿನಷ್ಟು. ಉಗುರಿಗೆ ಸಿಗದೆ ಚಿಮಟದಿಂದ ಕೀಳಬೇಕಾಗುತ್ತದೆ. ಸುತ್ತ ನಿಂತ ಹುಡುಗರು 'ಚಂದರಗಿ ಸಾಲಿಯವರೇನ್ರಿ?' ಎನ್ನುತ್ತಾರೆ. ರಾಮದುರ್ಗ ತಾಲ್ಲೂಕಿನ ಆ ಕ್ರೀಡಾಶಾಲೆ ಸೈಕಲ್ ಪಟುಗಳನ್ನು ತಯಾರು ಮಾಡುತ್ತದೆ. ನಿಮ್ಮ ಹೊಟ್ಟೆ ನೋಡಿಯೂ ಹೀಗೆ ಕೇಳಿದ್ದು ಅವರ ದೊಡ್ಡತನ. ಅಂಗಡಿಯ ಕಾಕಾನ ಚಿಂತೆಯೇ ಬೇರೆ.

'ಕ್ಯಾರಿಯರ್ ಇಲ್ಲಲ್ರಿ ಇದಕ್ಕ?'

'ಇಲ್ಲ ಕಾಕಾ.'

'ಹಂಗಾರ ಗಿರಣಿಗೆ ಜ್ವಾಳ ಹೆಂಗ ಒಯ್ತೀರಿ?'

ಯಾರಲ್ಲೂ ಉತ್ತರವಿಲ್ಲ. ಅವಲಕ್ಕಿ, ಮಿರ್ಚಿ ಭಜಿ, ಚಹಾ ಮುಗಿಸಿ ಹೊರಡುತ್ತೀರಿ.

ಧೂಪದಾಳದಲ್ಲಿ ಮಾತ್ರ ಅವಸರ ಮಾಡಬೇಡಿ. ಘಟಪ್ರಭಾ ನದಿಗೆ ಅಡ್ಡಲಾಗಿ 1897ರಲ್ಲಿ ಮುಗಿದ ಒಡ್ಡು ಇಲ್ಲಿದೆ. ಹಿನ್ನೀರಿನುದ್ದಕ್ಕೂ ಪಕ್ಷಿಧಾಮ. ಚಳಿಗಾಲಕ್ಕೆ ದೂರದ ಉತ್ತರದಿಂದ ಬೂದುಬಣ್ಣದ ಕೊಕ್ಕರೆಗಳು ಬಂದಿಳಿಯುತ್ತವೆ. ಎಲ್ಲರೂ ಹಕ್ಕಿ ನೋಡುತ್ತಾರೆ, ನೀವು ಕಾಲುವೆ ನೋಡಿ. ಮೇಲೆ ಹಿಡಕಲ್ ಜಲಾಶಯ ಬಿಟ್ಟ ನೀರು ಈ ಒಡ್ಡಿನಲ್ಲಿ ತಿರುಗಿ ಎಡದಂಡೆ ಕಾಲುವೆಗೆ ನುಗ್ಗುತ್ತದೆ. ಕೆಳಗಿನ ಊರುಗಳಲ್ಲಿ ಕಬ್ಬಾಗುವುದು ಇದೇ ನೀರು.

ಅದರ ಲೆಕ್ಕ ಗೋಕಾಕ ಫಾಲ್ಸ್‌ನಲ್ಲಿ ಸಿಗುತ್ತದೆ. ಕೊಣ್ಣೂರು ದಾಟಿ ಬಿಸಿಲು ನೆತ್ತಿಗೇರುವಾಗ ತಲುಪುತ್ತೀರಿ. ಹಳೆಯ ಗಿರಣಿ, ಎದುರಿಗೆ ತೂಗುಸೇತುವೆ, ಕೆಳಗೆ 52 ಮೀಟರ್ ಕರಿಬಂಡೆ. ನೀರು ಮಾತ್ರ ನಾಲ್ಕೈದು ಬಿಳಿ ಗೆರೆ. 19ನೇ ಶತಮಾನದಲ್ಲೇ ಗಿರಣಿ ನಡೆಸಿದ ಜಲಪಾತ ಇದೇನಾ ಎಂದು ಬೆಂಗಳೂರಿನವರು ಮುಖ ಸಣ್ಣದು ಮಾಡುತ್ತಾರೆ.

'ಮಳಿಗಾಲದಾಗ ಬರ್ರಿ ಸರ, ನಡಾ ನಡಗತೈತಿ,' ಎನ್ನುತ್ತಾನೆ ಚುರುಮುರಿಯವನು.

'ಆವಾಗ ಸೈಕಲ್ ಮ್ಯಾಲ ಬರಾಕ ರಸ್ತಾ ಇರ್ತೈತೇನು?'

ಅವನು ನಗುತ್ತಾನೆ. 2019ರ ಆಗಸ್ಟಿನಲ್ಲಿ ಇದೇ ನದಿ ಗೋಕಾಕದ ಲೋಳಸೂರ ಸೇತುವೆಯನ್ನೇ ಮುಳುಗಿಸಿತ್ತು. 'ಈಜು ಬರತಿದ್ರ ಬರ್ರಿ,' ಎಂದು ಈರುಳ್ಳಿ ಹೆಚ್ಚಿ ಇನ್ನೊಂದು ಮುಷ್ಟಿ ಹಾಕುತ್ತಾನೆ. ಗೋಕಾಕ ಇನ್ನೂ ಆರು ಕಿಲೋಮೀಟರ್. ಅಲ್ಲಿ ಕರದಂಟು ಯಾವ ಅಂಗಡಿಯಲ್ಲಿ ಕೊಳ್ಳಬೇಕೆಂಬ ಜಗಳ ಆಗಲೇ ಶುರುವಾಗಿದೆ.