ಒಂಬತ್ತನೆಯ ಮನೆ

ಗಂಟೆಯ ಸದ್ದಿಗೆ ತನ್ನದೇ ಆದ ಅರ್ಥವಿಲ್ಲ. ಬೆಳಿಗ್ಗೆ ಹತ್ತಕ್ಕೆ ನಮ್ಮ ಕಾಲೇಜಿನ ಜವಾನರು ಬಾರಿಸುವ ಗಂಟೆ ಎಲ್ಲರನ್ನೂ ಒಳಕ್ಕೆ ಕರೆಯುತ್ತದೆ. ಸಂಜೆ ನಾಲ್ಕಕ್ಕೆ ಅದೇ ಕೈ, ಅದೇ ಗಂಟೆ ಎಲ್ಲರನ್ನೂ ಹೊರಕ್ಕಟ್ಟುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಸದ್ದು ಒಂದೇ, ಕೇಳುವವರು ಯಾವ ಸ್ಥಿತಿಯಲ್ಲಿದ್ದಾರೆ ಎಂಬುದರ ಮೇಲೆ ಅದರ ಫಲ. ಕಂಪ್ಯೂಟರ್ ಶಾಸ್ತ್ರದವರು 'ಸ್ಟೇಟ್ ಮೆಷೀನ್' ಎಂದು ಕರೆಯುವುದರ ಸಾರವೆಲ್ಲ ಇಷ್ಟೆ. ಯಂತ್ರಕ್ಕೆ ಕೆಲವು ಸ್ಥಿತಿಗಳು; ಹೊರಗಿನಿಂದ ಬರುವ ಕೆಲವು ಘಟನೆಗಳು; ಇಂಥ ಸ್ಥಿತಿಯಲ್ಲಿ ಇಂಥ ಘಟನೆ ಬಂದರೆ ಇಂಥ ಸ್ಥಿತಿಗೆ ಹೋಗು ಎಂಬ ಕಟ್ಟಳೆ.

ಕಲಾ ವಿಭಾಗದವನಿಗೆ ಈ ಉಸಾಬರಿ ಏಕೆ ಎಂದು ಮಿತ್ರರು ಕೇಳಿಯಾರು. ಕಂಪ್ಯೂಟರನ್ನು ಐಚ್ಛಿಕವಾಗಿ ತೆಗೆದುಕೊಂಡ ನಾವು ಮೂವರು, ಕಾಲೇಜಿನ ಪುಸ್ತಕಭಂಡಾರದ ಎರವಲು ಲೆಕ್ಕಕ್ಕೆ ಪೈಥಾನ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆಯಲು ಹೊರಟೆವು. (ಭಾಷೆಗೆ ಈ ಹೆಸರು ಬಂದದ್ದು ಹೆಬ್ಬಾವಿನಿಂದಲ್ಲ, ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡದಿಂದ. ಅಂಜುವ ಕಾರಣವಿಲ್ಲ.) ಪುಸ್ತಕಕ್ಕೆ ಮೂರು ಸ್ಥಿತಿ: ಕಪಾಟಿನಲ್ಲಿದೆ, ಎರವಲು ಹೋಗಿದೆ, ಕಳೆದಿದೆ. ಘಟನೆಗಳೂ ಮೂರು: ಕೊಟ್ಟದ್ದು, ಹಿಂದಕ್ಕೆ ಬಂದದ್ದು, ಕಳೆಯಿತೆಂದು ಬರೆದದ್ದು.

ಬರೆಯುವುದು ಸುಲಭ. ಬರೆದದ್ದು ಸರಿಯೆಂದು ತಿಳಿಯುವುದು ಹೇಗೆ? ಅದಕ್ಕೆ 'ಯೂನಿಟ್ ಟೆಸ್ಟ್' ಎಂಬ ಬಿಡಿಪರೀಕ್ಷೆ ಇದೆ. ಪ್ರೋಗ್ರಾಮಿನ ಒಂದೊಂದು ಭಾಗವನ್ನೂ ಬೇರೆಯಾಗಿ ಕೂರಿಸಿ ಪ್ರಶ್ನೆ ಕೇಳುವ ಇನ್ನೊಂದು ಪ್ರೋಗ್ರಾಂ ಅದು. ಪೈಥಾನಿನಲ್ಲಿ ಇದಕ್ಕೆಂದೇ 'ಯೂನಿಟ್‌ಟೆಸ್ಟ್' ಎಂಬ ಸಲಕರಣೆ ೨೦೦೧ರಿಂದ ಭಾಷೆಯ ಜೊತೆಗೇ ಬರುತ್ತದೆ. ಸಾಮಾನ್ಯವಾಗಿ ಎಲ್ಲರೂ ಪರೀಕ್ಷಿಸುವುದು ರಾಜಮಾರ್ಗವನ್ನು: ಪುಸ್ತಕ ಕೊಟ್ಟರು, ಎರವಲು ಹೋಯಿತು, ಹಿಂದಕ್ಕೆ ಬಂತು, ಕಪಾಟು ಸೇರಿತು. ನಮ್ಮ ಅಧ್ಯಾಪಕರು ಅಷ್ಟಕ್ಕೆ ಒಪ್ಪಲಿಲ್ಲ. "ಮೂರು ಸ್ಥಿತಿ, ಮೂರು ಘಟನೆ. ಒಂಬತ್ತು ಮನೆಯ ಕೋಷ್ಟಕ ಹಾಕಿ. ಪ್ರತಿ ಮನೆಗೂ ಉತ್ತರ ಬರೆಯಿರಿ" ಎಂದರು.

ಹಾಕಿದೆವು. ನಾಲ್ಕು ಮನೆಗಳಿಗೆ ಉತ್ತರ ತಾನಾಗಿಯೇ ಬಂತು: ಕಪಾಟಿನ ಪುಸ್ತಕ ಎರವಲು ಹೋಗಬಹುದು, ಎರವಲು ಹೋದದ್ದು ಹಿಂದಕ್ಕೆ ಬರಬಹುದು, ಎರಡೂ ಕಡೆಯಿಂದ ಕಳೆಯಬಹುದು. ಇನ್ನು ನಾಲ್ಕಕ್ಕೆ "ಕೂಡದು" ಎಂಬುದೇ ಉತ್ತರ. ಒಬ್ಬನ ಕೈಯಲ್ಲಿರುವ ಪುಸ್ತಕವನ್ನು ಇನ್ನೊಬ್ಬನಿಗೆ ಕೊಡಲಾದೀತೆ? ಕಳೆದ ಪುಸ್ತಕವನ್ನು ಕೊಡಲಾದೀತೆ? ಅದು ಮತ್ತೊಮ್ಮೆ ಕಳೆದೀತೆ? ಕಪಾಟಿನಲ್ಲೇ ಇದ್ದದ್ದು ಹಿಂದಕ್ಕೆ ಬಂದೀತೆ? ಇಂಥ ಕಡೆ ಯಂತ್ರ ಸುಮ್ಮನೆ ತಲೆಯಾಡಿಸಬಾರದು. ತಪ್ಪೆಂದು ಕೂಗಬೇಕು, ಮತ್ತು ಇದ್ದ ಸ್ಥಿತಿಯಲ್ಲೇ ಇರಬೇಕು. ಪರೀಕ್ಷೆ ಈ ಎರಡನ್ನೂ ಕೇಳಬೇಕು. ಕೂಗಿಯೂ ಸ್ಥಿತಿ ಬದಲಿಸಿಬಿಡುವ ಯಂತ್ರ, ಬೈಯುತ್ತಲೇ ಲಂಚ ತೆಗೆದುಕೊಳ್ಳುವವನ ಹಾಗೆ.

ಉಳಿದದ್ದು ಒಂಬತ್ತನೆಯ ಮನೆ: ಕಳೆದಿದೆ ಎಂದು ಬರೆದ ಪುಸ್ತಕ ಹಿಂದಕ್ಕೆ ಬಂದರೆ? ಮೂವರಿಗೂ ಉತ್ತರ ತೋಚಲಿಲ್ಲ. ಗ್ರಂಥಪಾಲಕರನ್ನು ಕೇಳಿದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ನೋಡ್ರಪ್ಪ, ಇದು ಪ್ರತಿ ವರ್ಷ ಆಗುವ ಕಥೆ. ಹಳ್ಳಿಯ ಹುಡುಗ, ಪುಸ್ತಕ ಕಳೆದೆ ಅಂತಾನೆ. ಬೆಲೆ ಅವನ ಹೆಸರಿಗೆ ಬಾಕಿ ಬರೀತೀವಿ. ಪರೀಕ್ಷೆ ಹತ್ತಿರ ಬಂದಾಗ ಪೆಟ್ಟಿಗೆಯ ತಳದಲ್ಲಿ ಸಿಕ್ತು ಅಂತ ಓಡಿ ಬರ್ತಾನೆ. ನಾನು ಕೆಂಪು ಗೆರೆ ಹೊಡೆದು ರುಜು ಹಾಕ್ತೇನೆ. ನಿಮ್ಮ ಯಂತ್ರಕ್ಕೆ ಕೆಂಪು ಶಾಯಿ ಇದೆಯೋ?"

ಇರಲಿಲ್ಲ. ಆ ಮನೆಗೂ "ಕೂಡದು" ಎಂದು ಬರೆದಿದ್ದರೆ ಏನಾಗುತ್ತಿತ್ತೆಂಬುದು ಆಗ ಕಣ್ಣಿಗೆ ಕಟ್ಟಿತು. ಪುಸ್ತಕ ಹುಡುಗನ ಕೈಯಲ್ಲಿದೆ, ಯಂತ್ರ ಒಪ್ಪುವುದಿಲ್ಲ, ಬಾಕಿ ತೀರುವುದಿಲ್ಲ, ಬಾಕಿಯಿಲ್ಲವೆಂಬ ಪತ್ರ ಸಿಗದೆ ಹಾಲ್ ಟಿಕೆಟ್ಟೂ ಸಿಗುವುದಿಲ್ಲ. ಕೋಷ್ಟಕದ ಒಂದು ಖಾಲಿ ಮನೆಯಲ್ಲಿ ಒಬ್ಬನ ಒಂದು ವರ್ಷ ಅಡಗಿ ಕುಳಿತಿತ್ತು. ಗ್ರಂಥಪಾಲಕರ ತೀರ್ಪಿನಂತೆ ಪುಸ್ತಕ ಕಪಾಟಿಗೆ ಹೋಗಬೇಕು, ಬಾಕಿ ರದ್ದಾಗಬೇಕು ಎಂದು ಬರೆದೆವು. ಸಲಕರಣೆಯಲ್ಲಿ 'ಸಬ್‌ಟೆಸ್ಟ್' ಎಂಬ ಅನುಕೂಲವಿದೆ. ಒಂದು ಮನೆ ಸೋತರೂ ಉಳಿದ ಎಂಟರ ವಿಚಾರಣೆ ನಿಲ್ಲುವುದಿಲ್ಲ. ಪ್ರತಿ ಮನೆಗೂ ಹೊಸದೊಂದು ಯಂತ್ರ ಮಾಡಿ, ಅದನ್ನು ಘಟನೆಗಳ ದಾರಿಯಲ್ಲೇ ಆ ಸ್ಥಿತಿಗೆ ನಡೆಸಿಕೊಂಡು ಹೋಗಿ ಪ್ರಶ್ನಿಸಿದೆವು. ಒಳಗೆ ಕೈಹಾಕದೆ, ಹೊರಗಿನಿಂದ ಕೇಳಿದ್ದು ಮತ್ತು ಹೊರಗೆ ಕಂಡದ್ದು ಇಷ್ಟರಿಂದಲೇ ಇಂಥ ಯಂತ್ರದ ಬಗ್ಗೆ ಏನೆಲ್ಲ ತಿಳಿಯಬಹುದೆಂದು ಎಡ್ವರ್ಡ್ ಮೂರ್ ೧೯೫೬ರಷ್ಟು ಹಿಂದೆಯೇ ಆಲೋಚಿಸಿ ಬರೆದಿದ್ದಾರೆ.

ಬಾಕಿ ರದ್ದು ಮಾಡುವುದು ಪುಸ್ತಕದ ಕೆಲಸವಲ್ಲ, ಕಚೇರಿಯ ಕೆಲಸ. ಆದುದರಿಂದ ಸ್ಥಿತಿ ಬದಲಾದೊಡನೆ ಯಂತ್ರ ಕಚೇರಿಯ ಲೆಕ್ಕಕ್ಕೆ ಕೂಗಿ ಹೇಳಬೇಕು. ಪರೀಕ್ಷೆಯಲ್ಲಿ ನಿಜವಾದ ಕಚೇರಿಯನ್ನು ಎಬ್ಬಿಸುವುದು ಬೇಡವಷ್ಟೆ? ಅಲ್ಲಿ 'ಮಾಕ್' ಎಂಬ ಸೋಗಿನ ಗುಮಾಸ್ತನನ್ನು ಕೂರಿಸುತ್ತಾರೆ. ಅವನು ಏನನ್ನೂ ಮಾಡುವುದಿಲ್ಲ. ತನಗೆ ಎಷ್ಟು ಸಲ ಏನು ಹೇಳಿದರೆಂಬುದನ್ನು ಮಾತ್ರ ನೆನಪಿಡುತ್ತಾನೆ. ಅವನನ್ನು ಮೂರು ಮಾತು ಕೇಳಿದೆವು. ಪುಸ್ತಕದ ಸಂಖ್ಯೆ ಸರಿಯಾಗಿ ಬಂತೆ? ಒಂದೇ ಸಲ ಬಂತೆ? ಎರಡು ಸಲ ಬಂದರೆ ಒಂದೇ ಬಾಕಿ ಎರಡು ಸಲ ಕಳೆದುಹೋದೀತು. "ಕೂಡದು" ಎಂದ ನಾಲ್ಕು ಮನೆಗಳಲ್ಲಿ ಏನೂ ಬರಲಿಲ್ಲವಷ್ಟೆ? ಇನ್ನೊಂದು ಸೂಕ್ಷ್ಮವಿದೆ. ಯಂತ್ರ ಮೊದಲು ತನ್ನ ಸ್ಥಿತಿಯನ್ನು ಬದಲಿಸಿಕೊಂಡು ಆಮೇಲೆ ಕೂಗಬೇಕು. ಇಲ್ಲವಾದರೆ, ಪುಸ್ತಕ ಸಿಕ್ಕಿತೆಂಬ ಸುದ್ದಿ ಕೇಳಿದ ಗುಮಾಸ್ತ ತಿರುಗಿ "ಎಲ್ಲಿದೆ?" ಎಂದು ಕೇಳಿದರೆ "ಕಳೆದಿದೆ" ಎಂಬ ಉತ್ತರ ಬರುತ್ತದೆ.

ಇದೆಲ್ಲ ಹುಡುಗಾಟವೆಂದು ತೋರಿದರೆ ಥೆರಾಕ್-೨೫ರ ಕಥೆಯನ್ನು ನೆನೆಯಬೇಕು. ಅದು ವಿಕಿರಣ ಚಿಕಿತ್ಸೆಯ ಯಂತ್ರ. ೧೯೮೫ರಿಂದ ೧೯೮೭ರ ಒಳಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಅದರಿಂದ ಆರು ಮಂದಿಗೆ ಮಿತಿಮೀರಿದ ವಿಕಿರಣ ತಗುಲಿತು. ಕೆಲವರು ಪ್ರಾಣ ಬಿಟ್ಟರು. ಹಲವು ಕಾರಣಗಳಲ್ಲಿ ಒಂದು ಹೀಗಿತ್ತು: ಯಂತ್ರ ತನ್ನ ಕಾಂತಗಳನ್ನು ಹೊಂದಿಸಿಕೊಳ್ಳುವ ಸುಮಾರು ಎಂಟು ಸೆಕೆಂಡುಗಳಲ್ಲಿ ನಡೆಸುವವರು ಬರಹವನ್ನು ತಿದ್ದಿ ಮುಗಿಸಿದರೆ, ಆ ತಿದ್ದುಪಡಿ ಅದರ ಗಮನಕ್ಕೇ ಬರುತ್ತಿರಲಿಲ್ಲ. ನಿಧಾನವಾಗಿ ಒತ್ತುವವರಿಗೆ ದೋಷ ಕಾಣಲಿಲ್ಲ. ಪಳಗಿದ ಕೈಗೆ ಕಂಡಿತು. ಬಿಡಿಪರೀಕ್ಷೆಯೊಂದರಿಂದಲೇ ಅದೆಲ್ಲ ತಪ್ಪುತ್ತಿತ್ತೆಂದು ನಾನು ಹೇಳಲಾರೆ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಘಟನೆಯನ್ನು ಯಾರೂ ಕೇಳದೆ ಬಿಟ್ಟರೆ ಅದನ್ನು ಕೊನೆಗೆ ಕೇಳುವವನು ರೋಗಿ, ಇಲ್ಲವೆ ಪರೀಕ್ಷೆಯ ಬಾಗಿಲಲ್ಲಿ ನಿಂತ ಹುಡುಗ.

ಯಂತ್ರವನ್ನು ಪರೀಕ್ಷಿಸುವುದೆಂದರೆ ಯಂತ್ರದೊಡನೆ ಮಾತಾಡುವುದೆಂದು ತಿಳಿದಿದ್ದೆ. ಅರ್ಧ ಕೆಲಸ ಮನುಷ್ಯರೊಡನೆ ಮಾತಾಡುವುದೇ ಎಂದು ಈಗ ತೋರುತ್ತದೆ. ಒಂಬತ್ತನೆಯ ಮನೆಯ ಉತ್ತರ ಪೈಥಾನಿನಲ್ಲಿ ಇರಲಿಲ್ಲ. ಗ್ರಂಥಪಾಲಕರ ಕೆಂಪು ಶಾಯಿಯಲ್ಲಿತ್ತು. ನಾವು ಈ ವರ್ಷ ಕಾಲೇಜು ಬಿಡುತ್ತೇವೆ. ಅವರೂ ಒಂದು ದಿನ ನಿವೃತ್ತರಾಗುತ್ತಾರೆ. ಮುಂದೆ ಯಾರೋ ಕಿರಿಯರು ನಮ್ಮ ಪ್ರೋಗ್ರಾಮನ್ನು ತಿದ್ದಿ, ಆ ಮನೆಗೆ "ಕೂಡದು" ಎಂದು ಬರೆದಾರು. ಬರೆದ ಕ್ಷಣವೇ ಆ ಪರೀಕ್ಷೆ ಸೋತು, ಇಲ್ಲಿ ಹೀಗೊಂದು ತೀರ್ಪಾಗಿದೆ ಎಂದು ಅವರನ್ನು ತಡೆದು ನಿಲ್ಲಿಸುತ್ತದೆ.