ಫುಲರ್ಟನ್ ಪಟ್ಟಣದಲ್ಲಿ ತಂತಿ ಸುತ್ತಿದ್ದು

ಕ್ಯಾಲಿಫೋರ್ನಿಯಾ ಸಂಸ್ಥಾನದ ಲಾಸ್ ಏಂಜಲೀಸ್ ಮಹಾನಗರಕ್ಕೆ ಆಗ್ನೇಯದಲ್ಲಿ, ಸುಮಾರು 25 ಮೈಲಿ ದೂರದಲ್ಲಿ, ಫುಲರ್ಟನ್ ಎಂಬ ಪಟ್ಟಣವುಂಟು. ಒಂದು ಕಾಲದಲ್ಲಿ ಇದರ ಸುತ್ತಲೂ ಕಿತ್ತಳೆಯ ತೋಟಗಳಿದ್ದುವು. ಜಿಲ್ಲೆಗೇ ಕಿತ್ತಳೆಯ ಹೆಸರು. ಈಗ ತೋಟಗಳ ಜಾಗದಲ್ಲಿ ಮನೆಗಳೆದ್ದಿವೆ. ಯಾತ್ರಿಕರು ನೆರೆಯೂರಾದ ಅನಹೈಮಿನ ಡಿಸ್ನಿಲ್ಯಾಂಡಿಗೆ ಹೋಗುವರೇ ಹೊರತು ಇಲ್ಲಿ ಇಳಿಯುವವರು ಕಡಮೆ. ನನ್ನ ಮಗನು ಬಾಡಿಗೆಯ ಮನೆ ಹಿಡಿದಿರುವುದು ಇಲ್ಲಿಯೇ ಆದಕಾರಣ ನಾನು ಎರಡು ತಿಂಗಳು ಈ ಊರಿನಲ್ಲಿದ್ದೆನು.

ವಿದ್ಯುತ್ ಗಿಟಾರಿನ ಹುಚ್ಚು ಹಿಡಿದವರಿಗೆ ಈ ಊರು ಕಾಶಿಯಿದ್ದಂತೆ. 1938ರಲ್ಲಿ ಲಿಯೋ ಫೆಂಡರ್ ಎಂಬಾತನು ಇಲ್ಲಿ ರೇಡಿಯೋ ದುರಸ್ತಿಯ ಅಂಗಡಿಯನ್ನು ತೆರೆದನು. ಓದಿದ್ದು ಲೆಕ್ಕಪತ್ರದ ವಿದ್ಯೆ. ಬಾಲ್ಯದಲ್ಲಿಯೇ ಒಂದು ಕಣ್ಣು ಹೋಗಿತ್ತು. ಗಿಟಾರ್ ನುಡಿಸುವುದನ್ನಂತೂ ಕೊನೆಯವರೆಗೂ ಕಲಿಯಲಿಲ್ಲ. ಅಂಥವನ ಕಾರ್ಖಾನೆಯಿಂದ 1954ರಲ್ಲಿ ಹೊರಟ ಸ್ಟ್ರಾಟೋಕಾಸ್ಟರ್ ಎಂಬ ವಾದ್ಯವು ಲೋಕವನ್ನೆಲ್ಲ ಸುತ್ತಿಬಂದಿತು. ಕಾರ್ಖಾನೆಯನ್ನು ಅವನು 1965ರಲ್ಲಿ ಮಾರಿದನು. ಅದು ಈಗ ಕರೋನಾ ಎಂಬ ಬೇರೆ ಊರಿನಲ್ಲಿದೆ. ಫುಲರ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಮಾತ್ರ ಅವನ ಹೆಸರಿನ ಒಂದು ವಿಭಾಗವಿದೆ. ಮಗನು ಒಂದು ಶನಿವಾರ ನನ್ನನ್ನು ಅಲ್ಲಿಗೆ ಕರೆದೊಯ್ದನು.

ಗಿಟಾರುಗಳ ಹೊಳಪು ನನ್ನನ್ನು ಅಷ್ಟಾಗಿ ಸೆಳೆಯಲಿಲ್ಲ. ಮಗನು ಬೆರಳಿಟ್ಟು ತೋರಿಸಿದ್ದು ತಂತಿಗಳ ಕೆಳಗೆ ಹುದುಗಿದ್ದ ಒಂದು ಸಣ್ಣ ಪಟ್ಟಿಯನ್ನು. ಇದಕ್ಕೆ ಪಿಕಪ್ ಎನ್ನುತ್ತಾರೆ. ‘ನಾದಗ್ರಾಹಿ ಎನ್ನಬಹುದಲ್ಲ’ ಎಂದೆನು. ಮಗನು ನಕ್ಕನು, ಒಪ್ಪಲಿಲ್ಲ. ಇದರೊಳಗೆ ಆರು ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ; ಇಷ್ಟೇ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಪ್ರಭಾವವು ಅಲುಗಿ, ತಾಮ್ರದ ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುವುದು. ಸೂಜಿಯು ಮಣಿಯತ್ತ ಸರಿಯುವುದಕ್ಕೆ ಅದೃಷ್ಟವೇ ಕಾರಣವೆಂದು ವೈಶೇಷಿಕ ಸೂತ್ರದಲ್ಲಿ ಕಣಾದನು ಹೇಳಿ ಮುಗಿಸಿದನು. ಅಯಸ್ಕಾಂತದ ಚಲನೆಯಿಂದ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದನ್ನು 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟನು. ಹಿತ್ತಾಳೆಯ ತಂತಿಯನ್ನು ಅಯಸ್ಕಾಂತವು ಸೆಳೆಯದಾದ್ದರಿಂದ, ನಮ್ಮ ವೀಣೆಯ ಅಂಥ ತಂತಿಗಳಿಗೆ ಈ ಸಾಧನವು ಹೊಂದುವುದಿಲ್ಲ.

ಈ ಕಸುಬು ಹುಟ್ಟಿದ್ದು ಮನೆಯೊಳಗೆಂದರೆ ಗೃಹಿಣಿಯರಿಗೆ ಸಂತೋಷವಾದೀತು. ಲಾಸ್ ಏಂಜಲೀಸಿನ ಜಾರ್ಜ್ ಬೀಚಮ್ ಎಂಬ ಗಿಟಾರ್ ವಾದಕನು 1930ರ ಸುಮಾರಿಗೆ ಬಟ್ಟೆ ಒಗೆಯುವ ಯಂತ್ರದ ಮೋಟಾರನ್ನು ಬಿಚ್ಚಿ, ಅದರಿಂದ ಸುರುಳಿ ಸುತ್ತಿ ಪ್ರಯೋಗ ಮಾಡಿದನು. ಮೋಟಾರ್ ಬಿಚ್ಚಿದ ಮೇಲೆ ಆ ಮನೆಯ ಬಟ್ಟೆಗಳನ್ನು ಯಾರು ಒಗೆದರೆಂಬುದನ್ನು ಚರಿತ್ರಕಾರರು ಬರೆದಿಲ್ಲ! 1937ರಲ್ಲಿ ಅವನ ಗಿಟಾರಿಗೆ ಪೇಟೆಂಟ್ ದೊರೆಯಿತು. ಮುಂದೆ ಫೆಂಡರನ ಕಾರ್ಖಾನೆಯಲ್ಲಿ ಈ ಕೆಲಸ ಹೆಚ್ಚಾಗಿ ಹೆಂಗಸರ ಕೈಗೆ ಬಂದಿತು. 1956ರಲ್ಲಿ ಸೇರಿದ ಅಬಿಗೇಲ್ ಇಬಾರಾ ಎಂಬಾಕೆ ಐವತ್ತು ವರ್ಷಕ್ಕೂ ಮಿಕ್ಕಿ ದುಡಿದಳು. ಆಕೆ ಸುತ್ತಿದ ಪಿಕಪ್ಪುಗಳನ್ನು ಸಂಗೀತಗಾರರು ಇಂದಿಗೂ ಹುಡುಕಿ ಕೊಳ್ಳುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕು. ಮಗನು ಹೈಸ್ಕೂಲಿನಲ್ಲಿದ್ದಾಗ ಸ್ನೇಹಿತನೊಬ್ಬನಿಂದ ಹಳೆಯ ಗಿಟಾರನ್ನು ತಂದಿದ್ದನು. ಅಮರಕೋಶ ಒಪ್ಪಿಸಬೇಕಾದ ಹೊತ್ತಿನಲ್ಲಿ ಅದರ ಸದ್ದು ಕೇಳಿ, ನಾಳೆಯೇ ಹಿಂದಕ್ಕೆ ಕೊಟ್ಟು ಬಾ ಎಂದು ಆಜ್ಞೆ ಮಾಡಿದೆನು. ಅವನು ಎದುರಾಡದೆ ಕೊಟ್ಟು ಬಂದನು. ಅನಂತರ ನಮ್ಮಿಬ್ಬರ ಮಾತು ಪರೀಕ್ಷೆ, ಫೀಜು, ಆರೋಗ್ಯ ಇವುಗಳ ಆಚೆಗೆ ಹೋದದ್ದು ಅಪೂರ್ವ.

ಆ ಸಂಜೆ ಅವನು ಊಟದ ಮೇಜಿನ ಮೇಲೆ ಸಲಕರಣೆಗಳನ್ನು ಹರಡಿದನು. ಹೊಲಿಗೆಯ ಯಂತ್ರದ ಹಳೆಯ ಮೋಟಾರು, ಅದರ ಕಾಲೊತ್ತು. ಗಟ್ಟಿ ನಾರಿನ ಎರಡು ಹಲಗೆಗಳ ನಡುವೆ ಸಿಕ್ಕಿಸಿದ ಆರು ಕಡ್ಡಿಗಳು. ತಂತಿಯ ಮೇಲಿನ ಅರಗಿನ ಲೇಪ ಕಡ್ಡಿಗೆ ಉಜ್ಜಿ ಹೋಗದಿರಲೆಂದು ಅವುಗಳಿಗೆ ಮೊದಲೇ ಒಂದು ಸುತ್ತು ತೆಳ್ಳನೆಯ ಪಟ್ಟಿ ಅಂಟಿಸಿದ್ದನು. ತಂತಿ 42ನೆಯ ನಂಬರಿನದು, ಅದರ ದಪ್ಪ ಒಂದು ಮಿಲಿಮೀಟರಿನ ಹದಿನಾರನೆಯ ಒಂದು ಪಾಲು, ತಲೆಗೂದಲಿನಂತೆ. ಉರುಳೆಯನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಅದು ಉರುಳಬಾರದು, ತಂತಿ ಮೇಲಿನಿಂದ ಜಾರಿ ಬರಬೇಕು. ತಿರುಗುವ ಚಕ್ಕೆಗೆ ಒಂದು ಅಯಸ್ಕಾಂತದ ಚೂರು ಅಂಟಿಸಿ, ಸುತ್ತಿಗೊಮ್ಮೆ ಅಗ್ಗದ ಕ್ಯಾಲ್ಕುಲೇಟರೊಂದು ಒಂದೊಂದನ್ನೇ ಕೂಡಿಕೊಳ್ಳುವಂತೆ ಮಾಡಿದ್ದನು.

‘ಅಪ್ಪಾ, ತಂತಿಯನ್ನು ನೀವು ಹಿಡಿಯಿರಿ’ ಎಂದನು.

ನಾನು ಹಿಡಿದೆನು. ಹೆಬ್ಬೆರಳು ತೋರುಬೆರಳುಗಳ ನಡುವೆ ತಂತಿ ಇದೆಯೋ ಇಲ್ಲವೋ ತಿಳಿಯದು. ಆದಕಾರಣ ಸೀಮೆಸುಣ್ಣವನ್ನು ಹಿಡಿದಂತೆ ಒತ್ತಿದೆನು. ಎಣಿಕೆ 2,140ಕ್ಕೆ ಬಂದಾಗ ತಂತಿ ಕಡಿಯಿತು. ಸದ್ದೂ ಆಗಲಿಲ್ಲ.

‘ಬಿಗಿ ಹೆಚ್ಚಾಯಿತು, ಅಪ್ಪಾ’ ಎಂದು ಮಗನು ಮೆಲ್ಲನೆ ಹೇಳಿದನು. ನಾನು ಉತ್ತರ ಕೊಡಲಿಲ್ಲ. ಅವನು ಬ್ಲೇಡಿನಿಂದ ಸುತ್ತಿದ್ದನ್ನೆಲ್ಲ ಕತ್ತರಿಸಿ ತೆಗೆದನು. ಬೆಸೆದು ಮುಂದುವರಿಸಬಹುದಂತೆ, ಹೊಸಬರು ಮೊದಲಿಂದ ಸುತ್ತುವುದೇ ವಾಸಿಯಂತೆ.

ಎರಡನೆಯ ಸಲ ಬೆರಳಿಗೂ ತಂತಿಗೂ ನಡುವೆ ಒಂದು ತುಂಡು ಉಣ್ಣೆಯ ಬಟ್ಟೆ ಕೊಟ್ಟನು. ಸಡಿಲವಾದರೆ ಸುರುಳಿ ಉಬ್ಬುವುದು, ಬಿಗಿಯಾದರೆ ತಂತಿ ಹರಿಯುವುದು. ಕೈ ಅತ್ತಿತ್ತ ಚಲಿಸುತ್ತಿರಬೇಕು. ಹಲಗೆಯ ಅಂಚು ದಾಟದಂತೆ ಎರಡು ಕಡೆಯೂ ತಡೆಗಳುಂಟು. ಸುತ್ತುಗಳು ಯಂತ್ರದಲ್ಲಿ ಮಾಡಿದಂತೆ ಒತ್ತಾಗಿ ಸಾಲುಗೂಡದೆ ಕೊಂಚ ಚೆದರಿದರೆ ದೋಷವಿಲ್ಲ, ತಾರಸ್ವರಗಳು ಸ್ಪಷ್ಟವಾಗುವುವೆಂದು ಅನೇಕರು ಹೇಳುತ್ತಾರಂತೆ. ನನ್ನ ಕೈನಡುಕಕ್ಕೂ ಒಂದು ಉಪಯೋಗ ಸಿಕ್ಕಿತು! ಮುಕ್ಕಾಲು ಗಂಟೆಯಲ್ಲಿ 7,800 ಸುತ್ತುಗಳಾದುವು; ಒಂದು ಕಿಲೋಮೀಟರಿಗೂ ಹೆಚ್ಚು ತಂತಿ. ಮೀಟರು ಸುಮಾರು 6,000 ಓಮ್ ತೋರಿಸಿತು. ಅದೇ ಸರಿಯಾದ ಅಳತೆ.

ಮೇಣವನ್ನು ಕಾಯಿಸುವ ಕೆಲಸ ಸೊಸೆಯದಾಯಿತು. ಪಾತ್ರೆಯನ್ನು ನೇರ ಉರಿಯ ಮೇಲೆ ಇಡಬಾರದು, ಮೇಣಕ್ಕೆ ಬೆಂಕಿ ಹತ್ತುವುದು. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಸುಮಾರು 65 ಡಿಗ್ರಿಯಲ್ಲಿ ಸುರುಳಿಯನ್ನು ಮುಳುಗಿಸಬೇಕು. ಗುಳ್ಳೆಗಳು ನಿಂತ ಮೇಲೆ ತೆಗೆಯುವುದು. ಇದಾಗದಿದ್ದರೆ ಸುತ್ತುಗಳು ತಾವೇ ಅದುರಿ, ಧ್ವನಿ ಹೆಚ್ಚಿಸಿದಾಗ ಕಿರುಚುವುವು.

ರಾತ್ರಿ ಹನ್ನೊಂದಕ್ಕೆ ಮಗನು ಅದನ್ನು ಗಿಟಾರಿಗೆ ಕೂರಿಸಿ ಮೀಟಿದನು. ಚಿಕ್ಕಂದಿನಲ್ಲಿ ಕಲಿತಿದ್ದ ಮಾಯಾಮಾಳವಗೌಳದ ಸರಳೆಯನ್ನೇ ನುಡಿಸಿದನು, ನನಗಾಗಿ ಇರಬೇಕು. ಸ್ವರದ ಹಿಂದೆ ದುಂಬಿಯ ಗುಯ್‌ಗುಡುವಿಕೆಯೊಂದು ಕೇಳಿಸುತ್ತಿತ್ತು. ನಾನು ಕೆಡಿಸಿದೆನೇ ಎಂದು ಕೇಳಿದೆನು. ಅಲ್ಲವಂತೆ, ಒಂಟಿ ಸುರುಳಿಯು ಮನೆಯ ವಿದ್ಯುತ್ತಿನ ಗುಂಗನ್ನೂ ಹಿಡಿಯುವುದಂತೆ. ಕಲಮಜೂ ಎಂಬ ಊರಿನಲ್ಲಿ 1955ರಲ್ಲಿ ಸೆತ್ ಲವರ್ ಎಂಬಾತನು ಎರಡು ಸುರುಳಿಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿ ಆ ಗುಂಗನ್ನು ಅಳಿಸಿದನಂತೆ.

‘ಬರುವ ಶನಿವಾರ ಅಂಥದೊಂದನ್ನು ಸುತ್ತೋಣ, ಅಪ್ಪಾ. ಒಂದೊಂದಕ್ಕೆ 5,000 ಸುತ್ತು ಸಾಕು’ ಎಂದನು.

ನಾನು ಆ ಉಣ್ಣೆಯ ತುಂಡನ್ನು ಮಡಿಚಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟುಕೊಂಡೆನು.